ಫ್ಯಾಮಿಲಿಸರ್ಚ್ ವಿಮರ್ಶೆ: ಹುಡುಕುವವರಿಗೆ ಬರಡು, ಕೂಡಿಡುವವರಿಗೆ ಕಣಜ

ಅಜ್ಜನ ಹೆಸರು, ಊರು ಹಾವೇರಿ, ಹುಟ್ಟಿದ್ದು ಸುಮಾರು 1905. ವಂಶಾವಳಿಯ ಜಾಲತಾಣವಾದ ಫ್ಯಾಮಿಲಿಸರ್ಚ್‌ನ ಹುಡುಕುವ ಪೆಟ್ಟಿಗೆಯಲ್ಲಿ ಇಷ್ಟು ತುಂಬಿ ಒತ್ತಿದರೆ ಸಾಮಾನ್ಯವಾಗಿ ಸಿಗುವುದು ಸೊನ್ನೆ. ಇಲ್ಲವಾದರೆ ಹೆಸರಿನ ಮೊದಲೆರಡು ಅಕ್ಷರ ಮಾತ್ರ ಹೊಂದುವ, ಯಾವುದೋ ದೇಶದ, ಯಾರೋ ಒಬ್ಬರು. ಬಹಳ ಜನ ಇಲ್ಲಿಗೇ ಕೈಬಿಡುತ್ತಾರೆ. ಕೈಬಿಡಬೇಕಾದದ್ದು ಆ ಪೆಟ್ಟಿಗೆಯನ್ನು ಮಾತ್ರ. ಸೈಟಿನ ಮಿಕ್ಕ ಭಾಗ ಕನ್ನಡದ ಮನೆತನಗಳಿಗೆ ಸಾಕಷ್ಟು ಉಪಯೋಗಕ್ಕೆ ಬರುತ್ತದೆ, ಅದನ್ನು ಯಾವುದಕ್ಕೆ ಬಳಸಬೇಕೆಂದು ಗೊತ್ತಿದ್ದರೆ.

ಇದು ಪೂರ್ತಿ ಉಚಿತ. ಇಮೇಲ್ ಅಥವಾ ಮೊಬೈಲ್ ನಂಬರ್ ಕೊಟ್ಟು ಖಾತೆ ತೆರೆದರೆ ಸಾಕು, ಕಾರ್ಡ್ ವಿವರ ಕೇಳುವುದಿಲ್ಲ. ಆನ್ಸೆಸ್ಟ್ರಿ, ಫೈಂಡ್‌ಮೈಪಾಸ್ಟ್, ಮೈಹೆರಿಟೇಜ್ ಮುಂತಾದ ವಂಶಾವಳಿ ತಾಣಗಳೆಲ್ಲ ಚಂದಾ ಕಟ್ಟಿಸಿಕೊಳ್ಳುವಾಗ ಇದೊಂದು ಯಾಕೆ ಬಿಟ್ಟಿ ಎಂಬ ಅನುಮಾನ ಬರುವುದು ಸಹಜ. ಇದನ್ನು ನಡೆಸುವುದು ಅಮೆರಿಕದ ಯೂಟಾದಲ್ಲಿ ನೆಲೆಯೂರಿರುವ, ಜನ ಮಾರ್ಮನ್ ಎಂದು ಕರೆಯುವ ಚರ್ಚು. 1894ರಲ್ಲಿ ಯೂಟಾ ವಂಶಾವಳಿ ಸಂಘ ಎಂದು ಶುರುವಾಗಿ, 1938ರಿಂದ ಲೋಕದ ದಾಖಲೆಗಳನ್ನೆಲ್ಲ ಮೈಕ್ರೊಫಿಲ್ಮ್ ಮಾಡತೊಡಗಿದ ಸಂಸ್ಥೆ ಇದು. ಸಾಲ್ಟ್ ಲೇಕ್ ಸಿಟಿ ಹತ್ತಿರ ಗ್ರಾನೈಟ್ ಬೆಟ್ಟ ಕೊರೆದು ಮಾಡಿದ ಉಗ್ರಾಣದಲ್ಲಿ ಸುಮಾರು 24 ಲಕ್ಷ ಸುರುಳಿಗಳಿವೆ. ಅವನ್ನೆಲ್ಲ ಡಿಜಿಟಲ್ ಮಾಡುವ ಕೆಲಸ 2021ರಲ್ಲಿ ಮುಗಿಯಿತು.

ಇಷ್ಟೆಲ್ಲ ಶ್ರಮದ ಹಿಂದಿರುವುದು ಧರ್ಮಶ್ರದ್ಧೆ. ತೀರಿಹೋದ ಹಿರಿಯರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಮುಂತಾದ ಸಂಸ್ಕಾರ ಮಾಡಿಸಬಹುದೆಂಬುದು ಆ ಚರ್ಚಿನ ನಂಬಿಕೆ. ತಮ್ಮ ಸ್ವಂತ ಪೂರ್ವಜರ ಹೆಸರನ್ನಷ್ಟೇ ಕಳಿಸಬೇಕು, 110 ವರ್ಷದೊಳಗೆ ಹುಟ್ಟಿದವರಾದರೆ ಹತ್ತಿರದ ಬಂಧುವಿನ ಒಪ್ಪಿಗೆ ಬೇಕು ಎಂಬ ನಿಯಮವಿದೆ. ನಿಯಮ ಮುರಿದ ಪ್ರಸಂಗಗಳೂ ಇವೆ: ನಾಜಿ ಹತ್ಯಾಕಾಂಡದಲ್ಲಿ ಸತ್ತ ಯಹೂದಿಗಳ ಹೆಸರು ಈ ಪಟ್ಟಿಗೆ ಸೇರಿದ್ದು ಗಲಾಟೆಯಾಗಿ 1995ರಲ್ಲಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಇದು ಮನೆಯ ಹಿರಿಯರಿಗೆ ಸರಿಕಾಣದಿದ್ದರೆ ಹಳೆಯ ತಲೆಮಾರುಗಳನ್ನು ಇಲ್ಲಿನ ಸಾರ್ವಜನಿಕ ಮರಕ್ಕೆ ಏರಿಸಲೇಬೇಡಿ. ಸೈಟನ್ನು ದಾಖಲೆ ನೋಡಲಿಕ್ಕೆ ಮಾತ್ರ ಬಳಸಿ, ಮರವನ್ನು ಸ್ವಂತ ಕಂಪ್ಯೂಟರಿನಲ್ಲಿ ಕಟ್ಟಿ. ಈ ಮಾತನ್ನು ಮನೆಯವರ ಮುಂದೆ ಮೊದಲೇ ಇಡುವುದು ಒಳ್ಳೆಯದು. ಇನ್ನೂರು ಹೆಸರು ಏರಿಸಿದ ಮೇಲೆ ದೊಡ್ಡಪ್ಪ ಬೇಡ ಅಂದರೆ ತೆಗೆಯುವುದು ಸುಲಭವಲ್ಲ.

ಖಾನೇಷುಮಾರಿ (ಜನಗಣತಿ) ಯಾಕೆ ಸಿಗುವುದಿಲ್ಲ

ಈ ಸೈಟಿನ ಹೆಸರುವಾಸಿಯಾದ ಬಲ ಜನಗಣತಿ ಹಾಳೆಗಳು. ಅಮೆರಿಕದಲ್ಲಿ 1850ರ ಗಣತಿಯಿಂದ ಮನೆಯ ಪ್ರತಿಯೊಬ್ಬರ ಹೆಸರೂ, 1880ರಿಂದ ಯಜಮಾನನಿಗೆ ಅವರೇನಾಗಬೇಕು ಎಂಬುದೂ ದಾಖಲಾಗಿದೆ. 72 ವರ್ಷ ಕಳೆದ ಮೇಲೆ ಹಾಳೆಗಳು ಸಾರ್ವಜನಿಕವಾಗುತ್ತವೆ. 1950ರದ್ದು 2022ರ ಏಪ್ರಿಲ್ 1ಕ್ಕೆ ಬಂತು. ಬ್ರಿಟನ್ನಿನಲ್ಲಿ 100 ವರ್ಷದ ಬೇಲಿ. ಅಲ್ಲಿನ 1851ರ ಗಣತಿಯಲ್ಲಿ ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು) ಕೂಡ ಬರೆದಿರುವುದರಿಂದ ಹತ್ತು ವರ್ಷಕ್ಕೊಂದು ಮೆಟ್ಟಿಲಿನಂತೆ ಹಿಂದೆ ಹೋಗಬಹುದು. ಅಲ್ಲಿಯೂ ಗುಂಡಿಗಳಿವೆ. 1841ರ ಬ್ರಿಟಿಷ್ ಗಣತಿಯಲ್ಲಿ ದೊಡ್ಡವರ ವಯಸ್ಸನ್ನು ಐದರ ಕೆಳಗಿನ ಗುಣಕಕ್ಕೆ ಇಳಿಸಿ ಬರೆದಿದ್ದಾರೆ, 34 ಇದ್ದವರು 30. ಅಮೆರಿಕದ 1890ರ ಹಾಳೆಗಳು 1921ರ ಬೆಂಕಿಗೆ ಬಹುಪಾಲು ಹೋದವು. ಇಂಗ್ಲೆಂಡ್ ಮತ್ತು ವೇಲ್ಸಿನ 1931ರದ್ದು 1942ರಲ್ಲಿ ಸುಟ್ಟುಹೋಯಿತು, 1941ರಲ್ಲಿ ಯುದ್ಧದಿಂದ ಗಣತಿಯೇ ಆಗಲಿಲ್ಲ.

ಹೊರನಾಡ ಕನ್ನಡಿಗರು ಇದನ್ನು ಲೆಕ್ಕ ಹಾಕಿ ನೋಡಿಕೊಳ್ಳಬೇಕು. 1950ರ ದಶಕದ ಕೊನೆಗೆ ಓದಲು ಅಮೆರಿಕಕ್ಕೆ ಹೋದ ತಾತ 1960ರ ಗಣತಿಯಲ್ಲಿರುತ್ತಾರೆ, ಅದು ತೆರೆಯುವುದು 2032ರಲ್ಲಿ. ಲಂಡನ್ನಿಗೆ ಹೋದವರಾದರೆ 1951ರ ಹಾಳೆಗೆ 2052ರವರೆಗೆ ಕಾಯಬೇಕು. ಅದಕ್ಕೆ ಮುಂಚಿನ ಆಸರೆ 1939ರ ಸೆಪ್ಟೆಂಬರಿನಲ್ಲಿ ಯುದ್ಧಕಾಲಕ್ಕೆಂದು ಮಾಡಿದ ರಿಜಿಸ್ಟರ್ ಒಂದೇ. 1920ರಿಂದ 1940ರವರೆಗಿನ ಅಮೆರಿಕದ ಗಣತಿಗಳಲ್ಲಿ ಹುಡುಕುವವರಿಗೆ ಇನ್ನೊಂದು ಸೂಚನೆ: ಜನಾಂಗದ ಅಂಕಣದಲ್ಲಿ ಭಾರತದಿಂದ ಬಂದವರನ್ನೆಲ್ಲ, ಸಿಖ್ಖರಿರಲಿ ಮುಸ್ಲಿಮರಿರಲಿ, ಹಿಂದೂ ಎಂದೇ ಬರೆಯಲಾಗುತ್ತಿತ್ತು. ಅದನ್ನು ಧರ್ಮವೆಂದು ಓದಿಕೊಂಡರೆ ದಾರಿ ತಪ್ಪುತ್ತದೆ.

ಇನ್ನು ನಮ್ಮದು. ದೇಶಕ್ಕೆಲ್ಲ ಒಂದೇ ಕಾಲಕ್ಕೆ ನಡೆದ ಮೊದಲ ಖಾನೇಷುಮಾರಿ 1881ರದ್ದು, ಮೈಸೂರು ಸಂಸ್ಥಾನದಲ್ಲಿ 1871ರಲ್ಲೇ ಒಂದು ಎಣಿಕೆ ಆಗಿತ್ತು. ಅಲ್ಲಿಂದ ಇಲ್ಲಿಯವರೆಗೆ ಗಣತಿದಾರರು ಮನೆಮನೆಗೆ ಬಂದು ಹೆಸರು ಬರೆದುಕೊಂಡಿದ್ದಾರೆ. ಆದರೆ ಆ ಹೆಸರಿನ ಹಾಳೆಗಳು ಲೆಕ್ಕ ಕೂಡಿಸುವ ತನಕದ ಕಚ್ಚಾ ಸಾಮಾನು. ಕೋಷ್ಟಕ ತಯಾರಾದ ಮೇಲೆ ಉಳಿಸಿಡುವ ಪದ್ಧತಿ ಇರಲಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಮು ಆ ದಾಖಲೆಗಳನ್ನು ಯಾರೂ ನೋಡುವಂತಿಲ್ಲ, ಸಾಕ್ಷ್ಯವಾಗಿ ಬಳಸುವಂತಿಲ್ಲ ಎನ್ನುತ್ತದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತಾತನ ಗಣತಿ ಹಾಳೆ ತರಿಸುತ್ತೇವೆ ಎಂದು ಹೊರಟವರಿಗೆ ಅಂಚೆ ಖರ್ಚು ದಂಡ. ದೊಡ್ಡ ಅಪವಾದ ಒಂದಿದೆ: 1951ರ ಗಣತಿ ವಿವರಗಳಿಂದ ತಯಾರಿಸಿದ ರಾಷ್ಟ್ರೀಯ ಪೌರತ್ವ ನೋಂದಣಿ ಪುಸ್ತಕ. ಅಸ್ಸಾಮಿನಲ್ಲಿ ಅದು ಉಳಿದುಬಂದು, ಜನ ತಮ್ಮ ಅಜ್ಜನ ಹೆಸರನ್ನು ಅದರಲ್ಲಿ ಹುಡುಕಿ ತೋರಿಸಬೇಕಾಗಿ ಬಂದದ್ದು ಎಲ್ಲರಿಗೂ ಗೊತ್ತು. ಆದ್ದರಿಂದ ಫ್ಯಾಮಿಲಿಸರ್ಚ್‌ನಲ್ಲಿ ಕರ್ನಾಟಕದ ಗಣತಿ ಇಲ್ಲವೆಂದು ಸೈಟನ್ನು ಬೈದು ಫಲವಿಲ್ಲ, ಕೊಡಲು ಅಂಥದ್ದೇ ಇಲ್ಲ.

ಹೆಸರಿಲ್ಲದಿದ್ದರೂ ಹಳೆಯ ಗಣತಿ ವರದಿಗಳು ಕೆಲಸಕ್ಕೆ ಬರುತ್ತವೆ. ಜನಗಣತಿ ಇಲಾಖೆಯ ಜಾಲತಾಣದಲ್ಲಿ ಸಂಪುಟಗಳು ಸಿಗುತ್ತವೆ, ತೀರ ಹಳೆಯವು ಇಂಟರ್ನೆಟ್ ಆರ್ಕೈವ್‌ನಲ್ಲಿ. ಮನೆಯಲ್ಲಿ ಕೇಳಿದ ಕಥೆಯನ್ನು ಇವುಗಳಿಗೆ ಒರೆ ಹಚ್ಚಬಹುದು. "ಬರದಲ್ಲಿ ಅರ್ಧ ಊರೇ ಖಾಲಿಯಾಯಿತು" ಎಂದು ಅಜ್ಜಿ ಹೇಳಿದರೆ ಉತ್ಪ್ರೇಕ್ಷೆ ಅನ್ನಿಸುತ್ತದೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿದಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಅಜ್ಜಿಯ ಮಾತಿನ ತೂಕ ಬೇರೆಯಾಗುತ್ತದೆ. ಸ್ವಾತಂತ್ರ್ಯಾನಂತರದ ಜಿಲ್ಲಾ ಗಣತಿ ಕೈಪಿಡಿಗಳಲ್ಲಿ ಊರೂರಿನ ಅಂಕಿ ಇದೆ. ಮುಳುಗಡೆಯಾದ ಇಲ್ಲವೇ ಬೇಚರಾಕ್ ಆದ (ಜನವಸತಿ ಇಲ್ಲದ) ಹಳ್ಳಿಯನ್ನು ಗುರುತಿಸಲು ಅದೇ ಸಾಧನ.

ಹೆಸರು ಸಮೇತ ಮನೆವಾರು ಪಟ್ಟಿ ಬೇಕೆಂದರೆ ನಮ್ಮಲ್ಲಿ ಗಣತಿಗೆ ತೀರ ಹತ್ತಿರದ್ದು ಮತದಾರರ ಪಟ್ಟಿ. ಮನೆ ನಂಬರ್, ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಎಲ್ಲ ಕನ್ನಡದಲ್ಲೇ. 2002ರ ಪಟ್ಟಿಯನ್ನು ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ನೋಡಬಹುದು. ಅದರಲ್ಲಿ 75 ವರ್ಷದವರೆಂದು ಇರುವವರು ಹುಟ್ಟಿದ್ದು 1927ರ ಆಸುಪಾಸು. ಆದರೆ ವಯಸ್ಸು ಸೊನ್ನೆಯಿಂದ ಅಥವಾ ಐದರಿಂದ ಕೊನೆಗೊಂಡರೆ ನಂಬಬೇಡಿ, ಐದು ವರ್ಷ ಆಚೀಚೆ ಇಟ್ಟುಕೊಳ್ಳಿ. ಅದು ಅಂದಾಜಿಗೆ ಬರೆದ ವಯಸ್ಸು.

ಭಾರತದ್ದೆಂದು ಇರುವುದು ಯಾರಿಗೆ ದಕ್ಕುತ್ತದೆ

ಭಾರತದ ಹೆಸರಿನಲ್ಲಿ ಸೈಟಿನಲ್ಲಿರುವ ಮುಖ್ಯ ಸೂಚಿಗಳು ಮೂರು: 1786ರಿಂದ 1947ರವರೆಗಿನ ಜನನ-ಜ್ಞಾನಸ್ನಾನ, 1792ರಿಂದ 1948ರವರೆಗಿನ ಮದುವೆ, 1719ರಿಂದ 1948ರವರೆಗಿನ ಮರಣ-ಸಮಾಧಿ. ಮೂರೂ ಬಹುಪಾಲು ಚರ್ಚಿನ ದಾಖಲೆಗಳು. ಬೆಂಗಳೂರು ದಂಡು ಪ್ರದೇಶ, ಬಳ್ಳಾರಿ, ಬೆಳಗಾವಿ ಕಂಟೋನ್ಮೆಂಟು, ಕೋಲಾರದ ಚಿನ್ನದ ಗಣಿ ಇಲ್ಲೆಲ್ಲ ಇದ್ದ ಆಂಗ್ಲೋ-ಇಂಡಿಯನ್ ಮತ್ತು ಬ್ರಿಟಿಷ್ ಕುಟುಂಬಗಳಿಗೆ ಇದು ನಿಜವಾದ ನಿಧಿ. ಅಲ್ಲಿ ಕಾಣುವುದು ಸೂಚಿ ಮಾತ್ರ. ಮೂಲ ಪುಟ ಬೇಕೆಂದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಿಗೆ ಹೋಗಬೇಕು. ಬೆಂಗಳೂರಿನದ್ದು ಮದ್ರಾಸ್ ಸರಣಿಯಲ್ಲಿ, ಬೆಳಗಾವಿಯದ್ದು ಬೊಂಬಾಯಿ ಸರಣಿಯಲ್ಲಿ ಸೇರಿದೆ. ಊರಿನ ಅಂಕಣದಲ್ಲಿ ಮೈಸೂರು ಎಂದು ಕೊಟ್ಟು ಏನೂ ಸಿಗದೆ ವಾಪಸಾಗುವವರು ಮದ್ರಾಸ್ ಎಂದು ಹಾಕಿ ಇನ್ನೊಮ್ಮೆ ನೋಡಬೇಕು. ಚಂದಾ ಕಟ್ಟಲು ತಯಾರಿದ್ದರೆ ಈ ಪುಟಗಳ ಚಿತ್ರಗಳು ಫೈಂಡ್‌ಮೈಪಾಸ್ಟ್‌ನಲ್ಲಿವೆ.

ಮಂಗಳೂರು ಕಡೆಯ ಕ್ರೈಸ್ತ ಮನೆತನಗಳಿಗೆ ಈ ಸೂಚಿಗಳು ಅಷ್ಟಕ್ಕಷ್ಟೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಸಭೆಗಳವರು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ ದಾಖಲಾಗಾರವನ್ನೂ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಸಂಗ್ರಹವನ್ನೂ ಕೇಳಬೇಕು. ಕೊಂಕಣಿ ಕಥೋಲಿಕರಿಗೆ ತಮ್ಮ ಇಗರ್ಜಿಯ (ಚರ್ಚಿನ) ಪುಸ್ತಕವೇ ಮೊದಲ ಮೂಲ.

ಹಿಂದೂ ತೀರ್ಥಯಾತ್ರೆಯ ದಾಖಲೆಗಳು ಎಂಬ ಸಂಗ್ರಹ ನೋಡಿ ಆಸೆ ಹುಟ್ಟುತ್ತದೆ. 1194ರಿಂದ 2015ರವರೆಗೆ ಎಂದು ಶೀರ್ಷಿಕೆ ಬೇರೆ. ಅದು ಹರಿದ್ವಾರ ಮತ್ತು ಉತ್ತರದ ಇತರ ಕ್ಷೇತ್ರಗಳ ಪಂಡರ (ತೀರ್ಥಪುರೋಹಿತರ) ಬಹಿಗಳ, ಎಂದರೆ ವಂಶಾವಳಿ ಪುಸ್ತಕಗಳ, ಚಿತ್ರ ಸಂಗ್ರಹ. ಪಂಜಾಬು, ಹರಿಯಾಣದ ಮನೆತನಗಳಿಗೆ ಅದು ಗಣತಿಯನ್ನೂ ಮೀರಿಸುವಂಥದ್ದು. ಕಾಶಿ, ಗಯೆಗೆ ಹೋಗಿಬರುವ ರೂಢಿಯ ಕನ್ನಡದ ಮನೆಗಳಿಗೆ ಅಲ್ಲಿ ಸಿಗುವುದು ತೀರ ಕಡಿಮೆ. ಗಯೆಗೆ ಹೋದಾಗ ನಿಮ್ಮ ಸೀಮೆಯವರನ್ನು ನೋಡಿಕೊಳ್ಳುವ ಪುರೋಹಿತರು ಯಾರೆಂದು ಕೇಳಿ, ಅವರ ಪುಸ್ತಕವನ್ನೇ ತೆಗೆಸಿ ನೋಡುವುದು ಲೇಸು.

ಕರ್ನಾಟಕದ ಹೆಸರುಗಳನ್ನು ಹುಡುಕುವಾಗ ಪ್ರಶ್ನೆ ಚಿಹ್ನೆ ಒಂದು ಅಕ್ಷರಕ್ಕೆ, ನಕ್ಷತ್ರ ಚಿಹ್ನೆ ಎಷ್ಟು ಅಕ್ಷರಕ್ಕಾದರೂ ಬದಲಿಯಾಗಿ ನಿಲ್ಲುತ್ತವೆ. ಇಂಗ್ಲಿಷ್ ಗುಮಾಸ್ತರು ಅಪ್ಪ, ಅಯ್ಯ, ಅಣ್ಣಗಳನ್ನು ಬರೆದ ಬಗೆ ಒಂದೆರಡಲ್ಲ. ಹೆಸರಿನ ಬುಡ ಬರೆದು ಕೊನೆಗೆ ನಕ್ಷತ್ರ ಹಾಕಿ. ಅಡ್ಡಹೆಸರಿನ ಅಂಕಣವನ್ನು ಒಮ್ಮೆ ಖಾಲಿ ಬಿಟ್ಟು, ಒಮ್ಮೆ ಅದರಲ್ಲೇ ಸ್ವಂತ ಹೆಸರನ್ನು ಹಾಕಿ ನೋಡಿ, ಏಕೆಂದರೆ ಸೂಚಿ ಮಾಡಿದವರು ಕೊನೆಯ ಪದವನ್ನು ಕಣ್ಣುಮುಚ್ಚಿ ಅಡ್ಡಹೆಸರೆಂದು ಸೇರಿಸಿರುತ್ತಾರೆ. ಕೆಲವು ಚಿತ್ರಗಳ ಮೇಲೆ ಬೀಗದ ಗುರುತಿರುತ್ತದೆ. ಅವು ಮನೆಯಲ್ಲಿ ತೆರೆಯುವುದಿಲ್ಲ, ಸಂಸ್ಥೆಯ ಕೇಂದ್ರಕ್ಕೋ ಅದರೊಂದಿಗೆ ಸೇರಿರುವ ಗ್ರಂಥಾಲಯಕ್ಕೋ ಹೋಗಬೇಕು.

ಮರ ಕಟ್ಟುವಾಗ ತಪ್ಪುವ ಜಾಗಗಳು

ಇಲ್ಲಿನ ವಂಶವೃಕ್ಷ ಒಬ್ಬೊಬ್ಬರಿಗೆ ಒಂದೊಂದಲ್ಲ, ಇಡೀ ಲೋಕಕ್ಕೆ ಒಂದೇ ಮರ. ತೀರಿಕೊಂಡವರ ಪುಟವನ್ನು ಯಾರು ಬೇಕಾದರೂ ತಿದ್ದಬಹುದು. ಬದುಕಿರುವವರ ಪುಟ ಸಾಮಾನ್ಯವಾಗಿ ಬರೆದವರಿಗಷ್ಟೇ ಕಾಣುತ್ತದೆ. ಒಂದೇ ಊರಿನ ಎರಡು ಕವಲಿನವರು ಗೊತ್ತಿಲ್ಲದೆ ಒಂದೇ ಮುತ್ತಾತನಿಗೆ ಬಂದು ಸೇರುವುದು ಇದರ ಸೊಗಸು. ದೂರದಲ್ಲಿ ಕೂತ ಯಾರೋ ಇಬ್ಬರು ಬಸಪ್ಪಂದಿರನ್ನು ಒಬ್ಬನೇ ಎಂದು ಜೋಡಿಸಿಬಿಡುವುದು ಇದರ ಪೀಡೆ. ಬೇಕಾದ ಪುಟಗಳಿಗೆ 'ಫಾಲೋ' ಒತ್ತಿಟ್ಟರೆ ಬದಲಾವಣೆಯ ಸೂಚನೆ ಬರುತ್ತದೆ, ಬದಲಾವಣೆಗಳ ಪಟ್ಟಿಯಿಂದ ಹಳೆಯದನ್ನು ವಾಪಸ್ ತರಬಹುದು. ಆದರೆ ಎರಡು ಪುಟ ಜೋಡಿಸಿದ ಮೇಲೆ ಅದರ ಮೇಲೆ ಇನ್ನಷ್ಟು ತಿದ್ದುಪಡಿ ಕೂತಿದ್ದರೆ ಬಿಡಿಸುವುದು ಒಂದು ದಿನದ ಕೆಲಸ. ಪ್ರತಿ ಬದಲಾವಣೆಗೂ ಕಾರಣ ಬರೆಯಲು ಜಾಗ ಕೊಟ್ಟಿದ್ದಾರೆ. ಅದನ್ನು ಖಾಲಿ ಬಿಡದಿರುವುದೇ ತಕ್ಕ ರಕ್ಷಣೆ. "ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟಿದೆ, ಇವರಿಬ್ಬರೂ ಬೇರೆ" ಎಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆಯಿರಿ.

ಈ ಅಜ್ಜನ ಹೆಸರಿನ ಗೋಜಲೇ ನಮ್ಮ ವಂಶಾವಳಿಗಳಲ್ಲಿ ಅತಿ ಸಾಮಾನ್ಯ ತಪ್ಪು. ಬಸಪ್ಪನ ಮಗ ಶಿವಪ್ಪ, ಶಿವಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ಶಿವಪ್ಪ. ಬಾಯಿಯಿಂದ ಬಾಯಿಗೆ ಬರುವಾಗ ನಾಲ್ಕು ತಲೆಮಾರು ಎರಡಾಗಿಬಿಡುತ್ತವೆ. ಗಂಡಸರ ಹೆಸರಿನ ಸರಪಣಿಯನ್ನು ಹಾಗೇ ನೆಚ್ಚಿಕೊಳ್ಳದೆ, ಪ್ರತಿಯೊಬ್ಬನನ್ನೂ ಹೆಂಡತಿಯ ಹೆಸರು ಮತ್ತು ಅವಳ ತವರೂರಿನ ಜೊತೆಗೆ ಕಟ್ಟಿ: 'ಹುಲಕೋಟಿಯ ಗಂಗವ್ವನ ಗಂಡ ಬಸಪ್ಪ'. ತವರೂರು ಎರಡಾದರೆ ಬಸಪ್ಪನೂ ಇಬ್ಬರಿರಬಹುದು, ಇಲ್ಲವೇ ಒಬ್ಬನಿಗೆ ಇಬ್ಬರು ಹೆಂಡಿರು. ಬಯಲುಸೀಮೆಯಲ್ಲಿ ಬೆಡಗು (ಕುಲದೊಳಗಿನ ಪಂಗಡ) ಇನ್ನೊಂದು ಒರೆಗಲ್ಲು. ಒಂದೇ ಬೆಡಗಿನವರು ಕೊಟ್ಟು ತರುವುದಿಲ್ಲ. ಮರದಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಂದೇ ಬೆಡಗು ಬಂತೆಂದರೆ ಎಲ್ಲೋ ಒಂದು ಕೊಂಡಿ ತಪ್ಪಿದೆ.

ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟ ಮದುವೆಗಳಿರುವ ಮನೆಗಳಲ್ಲಿ ಬೀಸಣಿಗೆ ಆಕಾರದ ನಕ್ಷೆಯಲ್ಲಿ ಒಂದೇ ಹಿರಿಯ ಎರಡು ಕಡೆ ಕಾಣಿಸಿಕೊಳ್ಳುತ್ತಾರೆ. ಅದು ದೋಷವಲ್ಲ, ಸೈಟು ಎರಡು ಪುಟ ಮಾಡದೆ ಒಂದೇ ಪುಟವನ್ನು ಎರಡು ಕಡೆ ತೋರಿಸುತ್ತಿದ್ದರೆ ಸರಿಯಾಗಿಯೇ ಇದೆ. ಅವಸರದಲ್ಲಿ ಅದೇ ವ್ಯಕ್ತಿಗೆ ಎರಡನೇ ಪುಟ ತೆರೆಯಬೇಡಿ. ಮೊದಲ ಪುಟದ ಗುರುತಿನ ಸಂಖ್ಯೆ ಬಳಸಿಯೇ ಸಂಬಂಧ ಜೋಡಿಸಿ. ದತ್ತು ಹೋದವರಿಗೆ ಹೆತ್ತವರನ್ನೂ ದತ್ತು ತೆಗೆದುಕೊಂಡವರನ್ನೂ ಬೇರೆಬೇರೆ ಬಗೆಯ ಸಂಬಂಧವೆಂದು ನಮೂದಿಸುವ ಅನುಕೂಲವಿದೆ, ಅದು ಚೆನ್ನಾಗಿದೆ. ಅಳಿಯಸಂತಾನದ ಮನೆತನಗಳಿಗೆ ಮಾತ್ರ ಈ ಮರ ಒಗ್ಗದ ಅಂಗಿ. 'ಬರಿ' ಎಂಬ ಕುಲದ ಹೆಸರು ತಾಯಿಯಿಂದ ಬರುತ್ತದೆ, ಯಜಮಾನಿಕೆ ಸೋದರಮಾವನದ್ದು; ನಕ್ಷೆ ಶುರುವಾಗುವುದೇ ಅಪ್ಪನಿಂದ. ಮೂಲದ ಹೆಂಗಸೊಬ್ಬಳನ್ನು ಆರಿಸಿ, ಪೂರ್ವಜರ ನಕ್ಷೆ ಬಿಟ್ಟು ಸಂತತಿಯ ನಕ್ಷೆಯಲ್ಲಿ ನೋಡಿದರೆ ಕುಟುಂಬದ ಆಕಾರ ಒಂದಿಷ್ಟು ಹಿಡಿತಕ್ಕೆ ಬರುತ್ತದೆ.

ಕಥೆಯಿಂದ ಇಸವಿ ತೆಗೆಯುವುದು

ಗಣತಿ ಇಲ್ಲದ ಕಡೆ ಇಸವಿ ಕೊಡುವುದು ಕಥೆಯೇ. ಸೈಟಿನಲ್ಲಿ ದಿನಾಂಕದ ಜಾಗಕ್ಕೆ 'ಸುಮಾರು', 'ಮುಂಚೆ', 'ಆಮೇಲೆ', 'ನಡುವೆ' ಎಂದು ಹಾಕಲು ಬರುತ್ತದೆ. ಇದನ್ನು ಬಳಸದೆ ಜನ ಜನವರಿ 1 ಎಂದೋ ಜೂನ್ 1 ಎಂದೋ ತುಂಬುತ್ತಾರೆ. ಜೂನ್ 1 ಶಾಲೆಗೆ ಸೇರಿಸುವಾಗ ಮೇಷ್ಟ್ರು ಕೊಟ್ಟ ಹುಟ್ಟುಹಬ್ಬವಿರಬಹುದು, ಒಂದೇ ಮನೆಯಲ್ಲಿ ಮೂವರಿಗೆ ಅದೇ ತಾರೀಖಿದ್ದರೆ ಅನುಮಾನವೇ ಬೇಡ. ಶಾಲೆಯ ದಾಖಲಾತಿ ಪುಸ್ತಕದಿಂದ ತಂದೆಯ ಹೆಸರು, ಕಸುಬು, ಊರು ತೆಗೆದುಕೊಳ್ಳಿ. ಹುಟ್ಟಿದ ದಿನವನ್ನು ಅಲ್ಲೇ ಬಿಡಿ.

"ಧಾತು ಈಶ್ವರ ಬರದಾಗ ಮುತ್ತಾತ ಎದೆಹಾಲು ಕುಡಿಯೋ ಕೂಸು" ಎಂದರೆ ಲೆಕ್ಕ ಸಲೀಸು. ಧಾತು ಸಂವತ್ಸರ 1876-77, ಈಶ್ವರ ಸಂವತ್ಸರ 1877-78. ಮುತ್ತಾತ ಹುಟ್ಟಿದ್ದು 1875ರಿಂದ 1877ರ ನಡುವೆ. "ಪ್ಲೇಗಿಗೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದರು" ಎಂಬುದು 1898ರ ನಂತರದ ಮಾತು, ಆದರೆ ಪ್ಲೇಗು ಮತ್ತೆ ಮತ್ತೆ ಬಂದದ್ದರಿಂದ ಅದೊಂದರಿಂದಲೇ ಇಸವಿ ಕಟ್ಟಬಾರದು. 1918ರ ಇನ್‌ಫ್ಲುಯೆಂಜಾ, ನೇತ್ರಾವತಿ ತೀರದವರಿಗೆ 1923ರ ಮಾರಿ ಬೊಳ್ಳ (ದೊಡ್ಡ ನೆರೆ), ಶರಾವತಿ ಮುಳುಗಡೆಯವರಿಗೆ 1964ರ ಲಿಂಗನಮಕ್ಕಿ: ನಿಮ್ಮ ಸೀಮೆಗೆ ಇಂಥ ಹತ್ತು ಘಟನೆಗಳ ಪಟ್ಟಿ ಮಾಡಿಟ್ಟುಕೊಂಡೇ ಮಾತಿಗೆ ಕೂರಿ. "ಯಾವ ಇಸವಿ?" ಎಂದರೆ ಉತ್ತರ ಬರುವುದಿಲ್ಲ, "ಹೊಳೆ ಬಂದಾಗ ಮದುವೆ ಆಗಿತ್ತಾ?" ಎಂದರೆ ಬರುತ್ತದೆ.

ಹಳೆಯ ಕಾಗದದಲ್ಲಿರುವ ಕಾಲಮಾನವನ್ನೂ ಜಾಗರೂಕತೆಯಿಂದ ತಿರುಗಿಸಬೇಕು. ಶಕ ವರ್ಷಕ್ಕೆ 78 ಕೂಡಿಸಿ, ಪುಷ್ಯದ ಉತ್ತರಾರ್ಧದಿಂದ ಯುಗಾದಿಯೊಳಗಿನದಾದರೆ 79. ಜಾತಕದಲ್ಲಿ ವಿಕ್ರಮ ಸಂವತ್ಸರ ಎಂದಷ್ಟೇ ಇದ್ದರೆ 1880-81 ಆಗಬಹುದು, 1940-41 ಆಗಬಹುದು, ಅರವತ್ತು ವರ್ಷದ ಈ ಜಿಗಿತವನ್ನು ಮಕ್ಕಳ ವಯಸ್ಸಿನಿಂದ ತೀರ್ಮಾನಿಸಿ. ಹೈದರಾಬಾದ್ ಸಂಸ್ಥಾನದ ಮತ್ತು ಮದ್ರಾಸ್ ಪ್ರಾಂತದ ಕಂದಾಯ ಕಾಗದಗಳಲ್ಲಿ ಫಸಲಿ (ಕಂದಾಯ ಲೆಕ್ಕದ ವರ್ಷ) ಇರುತ್ತದೆ, ಅದಕ್ಕೆ 590 ಕೂಡಿಸಿದರೆ ಆ ಫಸಲಿ ಶುರುವಾದ ಇಸವಿ: 1358 ಫಸಲಿ ಎಂದರೆ 1948-49.

ಸಂಬಂಧದ ಮಾತುಗಳು ಇನ್ನೊಂದು ಬಲೆ. ಉತ್ತರ ಕರ್ನಾಟಕದ ಕಡೆ "ಅವರು ನಮ್ಮ ಅಣ್ಣತಮ್ಮಂದಿರು" ಎಂದರೆ ದಾಯಾದಿಗಳು, ಒಡಹುಟ್ಟಿದವರೇ ಆಗಬೇಕಿಲ್ಲ. ಹಳೇ ಮೈಸೂರಿನ ಕೆಲವು ಮನೆಗಳಲ್ಲಿ ಅಪ್ಪನನ್ನೇ ಅಣ್ಣ ಎಂದು ಕರೆಯುವುದುಂಟು. "ಒಂದೇ ಹೊಟ್ಟೆಯವರಾ?" ಎಂದು ಬಿಡಿಸಿ ಕೇಳದೆ ಮರಕ್ಕೆ ಗೆರೆ ಎಳೆಯಬೇಡಿ.

ಧ್ವನಿಮುದ್ರಣ, ಫೋಟೊ, ಕಾಗದ ಎಲ್ಲವನ್ನೂ ಆಯಾ ವ್ಯಕ್ತಿಯ ಪುಟಕ್ಕೆ ಅಂಟಿಸುವ 'ಮೆಮೊರೀಸ್' ಭಾಗ ಈ ಸೈಟಿನ ಅತ್ಯುತ್ತಮ ಅಂಗ. ಒಂದು ಕಡತಕ್ಕೆ 15 ಎಂಬಿ ಮಿತಿ. ಧ್ವನಿಯನ್ನು ಎಂಪಿತ್ರೀ, 64 ಕೆಬಿಪಿಎಸ್, ಮೋನೊ ಎಂದು ಉಳಿಸಿದರೆ ಅಷ್ಟರಲ್ಲಿ ಸುಮಾರು 32 ನಿಮಿಷ ಹಿಡಿಯುತ್ತದೆ, 128 ಇಟ್ಟರೆ ಅರ್ಧ. ಮಾತಿಗೆ 64 ಧಾರಾಳ. ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ, ಫ್ಯಾನ್ ಆರಿಸಿ, ಮೊದಲ ಹತ್ತು ಸೆಕೆಂಡಿನಲ್ಲಿ ದಿನಾಂಕ, ಊರು, ಮಾತಾಡುವವರ ಹೆಸರನ್ನು ನೀವೇ ಹೇಳಿ. ಏರಿಸಿದ್ದನ್ನು ಬಳಸುವ ಹಕ್ಕನ್ನು ಷರತ್ತುಗಳ ಪ್ರಕಾರ ಸಂಸ್ಥೆಗೆ ಕೊಟ್ಟಂತಾಗುತ್ತದೆ, ತೀರಿಕೊಂಡವರ ಪುಟಕ್ಕೆ ಅಂಟಿಸಿದ್ದು ಲೋಕಕ್ಕೆಲ್ಲ ಕಾಣುತ್ತದೆ. ಭಾಗದ ಜಗಳ, ಕೂಡಾವಳಿ, ಯಾರೋ ಓಡಿಹೋದದ್ದು ಇಂಥವನ್ನು ಕತ್ತರಿಸಿ ಬೇರೆಯೇ ಇಟ್ಟುಕೊಳ್ಳಿ.

ಕಣಜಕ್ಕೆ ಕಾಳು ಎಲ್ಲಿಂದ

ಸೈಟು ಕೊಡುವುದಿಲ್ಲವಾದ್ದರಿಂದ ದಾಖಲೆಯನ್ನು ತರಬೇಕಾದದ್ದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ. ಗಣತಿ ಹಾಳೆಗೆ ನಮ್ಮಲ್ಲಿ ಸರಿಸಮ ನಿಲ್ಲುವ ಕಾಗದ ಪೌತಿ ಖಾತೆಯ ಕಡತ. ಖಾತೆದಾರ ಸತ್ತ ದಿನ, ವಾರಸುದಾರರ ಹೆಸರು, ಸಂಬಂಧ, ಅನೇಕ ಸಲ ಮೂರು ತಲೆಮಾರಿನ ವಂಶವೃಕ್ಷ ಅದರಲ್ಲೇ ಇರುತ್ತದೆ. ದಾರಿ ಹೀಗೆ: ಈಗಿನ ಪಹಣಿಯಿಂದ ಸರ್ವೆ ನಂಬರ್ ಹಿಡಿಯಿರಿ, ಅದರಲ್ಲಿರುವ ಮ್ಯುಟೇಶನ್ (ಖಾತೆ ಬದಲಾವಣೆ) ಸಂಖ್ಯೆ ನೋಡಿ, ಆ ಸಂಖ್ಯೆಯ ಕಡತಕ್ಕೆ ದೃಢೀಕೃತ ನಕಲು ಕೇಳಿ ಅರ್ಜಿ ಕೊಡಿ, ಅದರಲ್ಲಿ ಸಿಗುವ ಹಿಂದಿನ ಖಾತೆದಾರನ ಹೆಸರಿನಿಂದ ಇನ್ನೂ ಹಿಂದಿನ ಮ್ಯುಟೇಶನ್‌ಗೆ ಹೋಗಿ. ಹಳೇ ಮೈಸೂರಿನಲ್ಲಿ ಇದು ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ಆರ್‌ಆರ್ (ಹಕ್ಕು ದಾಖಲೆ) ಪುಸ್ತಕಗಳವರೆಗೆ ಹೋಗುತ್ತದೆ. ಸರ್ವೆ ನಂಬರ್ ಒಡೆದು ಹಿಸ್ಸೆಗಳಾದ ಕಡೆ ಎಳೆ ತಪ್ಪುವುದು ಜಾಸ್ತಿ, ಹಿಸ್ಸೆ ಟಿಪ್ಪಣಿಯನ್ನೂ ತೆಗೆಸಿ. ಮುಂಬಯಿ ಕರ್ನಾಟಕದ ಹಳೆಯ ಪುಟಗಳು ಮರಾಠಿಯ ಮೋಡಿ ಲಿಪಿಯಲ್ಲಿ, ಹೈದರಾಬಾದ್ ಕರ್ನಾಟಕದವು ಉರ್ದುವಿನಲ್ಲಿ ಇರಬಹುದು. ಓದಲು ಬಾರದಿದ್ದರೂ ನಕಲು ಪಡೆದಿಡಿ, ಓದುವವರು ಆಮೇಲೆ ಸಿಗುತ್ತಾರೆ.

ಈ ಕಡತಗಳ ದೊಡ್ಡ ಕುಂದು ಹೆಣ್ಣುಮಕ್ಕಳು. ಆಸ್ತಿಗೆ ಹಕ್ಕುದಾರರು ಯಾರೋ ಅವರ ಹೆಸರಷ್ಟೇ ಬರೆಯುವ ಕಾಗದವಿದು. ರಾಜ್ಯದಲ್ಲಿ 1994ರ ತಿದ್ದುಪಡಿ, ದೇಶಕ್ಕೆಲ್ಲ 2005ರದ್ದು ಬಂದು ಮಗಳಿಗೂ ಹುಟ್ಟಿನಿಂದ ಪಾಲು ಎಂದಾಗುವ ಮುಂಚಿನ ವಂಶವೃಕ್ಷಗಳಲ್ಲಿ ಮಗಳಂದಿರನ್ನು ಬಿಟ್ಟಿರುವುದೇ ಹೆಚ್ಚು. ಮೂವರು ಗಂಡುಮಕ್ಕಳು ಎಂದಿದ್ದರೆ ಮಕ್ಕಳೇ ಮೂವರು ಎಂದು ಓದಿಕೊಳ್ಳಬಾರದು. ಬಿಟ್ಟುಹೋದವರನ್ನು ಹುಡುಕಲು ಮದುವೆಯ ಕರೆಯೋಲೆ, ಉಡುಗೊರೆ ಬರೆದ ಮುಯ್ಯಿ ಪುಸ್ತಕ, ಪಾತ್ರೆಗಳ ಮೇಲೆ ಕೊರೆಸಿದ ಹೆಸರುಗಳನ್ನು ನೋಡಿ. ಹಿತ್ತಾಳೆ ಕೊಳದಪ್ಪಲೆಯ ಕಂಠದ ಮೇಲೆ ಅತ್ತೆಯ ಹೆಸರೂ ತವರೂರೂ ಕಂದಾಯ ಇಲಾಖೆಗಿಂತ ನಿಷ್ಠೆಯಿಂದ ಉಳಿದಿರುತ್ತವೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆಯವರಿಗೆ ಇನ್ನೊಂದು ಭಾಗ್ಯ, ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು ಮನೆಯ ಮುಂದೆ ನಿಂತು ಮೂಲ ಊರು, ಬೆಡಗು, ಹಿರಿಯರ ಹೆಸರುಗಳನ್ನು ಹೇಳಿ, ಹಿಂದಿನ ಸಲದ ನಂತರ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ. ಕೆಲವು ವರ್ಷಕ್ಕೊಮ್ಮೆಯಷ್ಟೇ ಬರುವುದರಿಂದ ಬಂದ ದಿನ ತಯಾರಿರಬೇಕು. ಮೊದಲು ಪೂರ್ತಿ ಹೇಳಲು ಬಿಡಿ, ನಡುವೆ ತಡೆದರೆ ಲಯ ತಪ್ಪಿ ಹೆಸರು ಹಾರುತ್ತದೆ. ಒಪ್ಪಿಗೆ ಕೇಳಿ ಧ್ವನಿಮುದ್ರಿಸಿ, ಆಮೇಲೆ ಪುಸ್ತಕದ ನಿಮ್ಮ ಮನೆತನದ ಪುಟಗಳ ಫೋಟೊ ಕೇಳಿ. ಪುಸ್ತಕ ಅವರ ಬದುಕಿನ ಆಸ್ತಿ. ಕೊಡಲು ಹಿಂಜರಿದರೆ ಒತ್ತಾಯ ಬೇಡ. ಕಾಳು, ಬಟ್ಟೆ, ದುಡ್ಡು ರೂಢಿಯಂತೆ ಸಲ್ಲಬೇಕು, ಅದರಲ್ಲಿ ಜಿಪುಣತನ ಮಾಡಿದರೆ ಮುಂದಿನ ಸಲ ನಿಮ್ಮ ಓಣಿಗೆ ಬರುವುದಿಲ್ಲ. ಹೊಗಳಿಕೆಯ ಭಾಗವನ್ನೂ ಹೆಸರುಗಳ ಭಾಗವನ್ನೂ ಬೇರೆ ಮಾಡಿ ಬರೆದುಕೊಳ್ಳಿ. ಹೆಸರುಗಳನ್ನು ಪೌತಿ ಕಡತದೊಂದಿಗೆ ತಾಳೆ ನೋಡಿ. ಎರಡರಲ್ಲೂ ಹೊಂದಿದವನ್ನು ಮಾತ್ರ ಮರಕ್ಕೆ ಏರಿಸಿ, ಮಿಕ್ಕವನ್ನು ಟಿಪ್ಪಣಿಯಲ್ಲಿಡಿ.

ಅಂಕ ಕೊಡಲೇಬೇಕೆಂದರೆ, ಕರ್ನಾಟಕದ ದಾಖಲೆ ಹುಡುಕಲು ಐದಕ್ಕೆ ಒಂದು, ಆಂಗ್ಲೋ-ಇಂಡಿಯನ್ ಮನೆತನಗಳಿಗೆ ನಾಲ್ಕು, ಕಥೆ ಮತ್ತು ಕಾಗದ ಕೂಡಿಡಲು ನಾಲ್ಕೂವರೆ. ಪಾಲಿನ ವ್ಯವಹಾರಕ್ಕೆ ಸೊನ್ನೆ, ಅದಕ್ಕೆ ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರವೇ ಬೇಕು.

ಒಂದು ಅಸಮಾಧಾನ ಉಳಿಯುತ್ತದೆ. ಹಾಕಿದ್ದನ್ನು ಒಟ್ಟಿಗೆ ವಾಪಸ್ ತೆಗೆದುಕೊಳ್ಳಲು ಸಾರ್ವಜನಿಕ ಮರದಲ್ಲಿ ನೇರ ಗುಂಡಿ ಇಲ್ಲ. ವಂಶಾವಳಿಯನ್ನು ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಒಯ್ಯುವ ಜೆಡ್‌ಕಾಮ್ ಎಂಬ ಕಡತ ಮಾದರಿಯನ್ನು ಹುಟ್ಟುಹಾಕಿದ್ದೇ ಈ ಚರ್ಚು, ಆದರೂ ಅದನ್ನು ಪಡೆಯಲು ರೂಟ್ಸ್‌ಮ್ಯಾಜಿಕ್‌ನಂಥ ಹೊರಗಿನ ಪ್ರೋಗ್ರಾಮಿನ ಮೂಲಕ ಸುತ್ತಿ ಬರಬೇಕು. ಅದಕ್ಕಿಂತ, ಅಸಲು ಮರವನ್ನು ಗ್ರಾಂಪ್ಸ್‌ನಂಥ ಉಚಿತ ಪ್ರೋಗ್ರಾಮಿನಲ್ಲಿ ನಿಮ್ಮ ಕಂಪ್ಯೂಟರಿನಲ್ಲೇ ಕಟ್ಟಿ, ಅಲ್ಲಿಂದ ಆರಿಸಿದ್ದನ್ನಷ್ಟೇ ಸೈಟಿಗೆ ಏರಿಸುವುದು ವಾಸಿ. ವರ್ಷಕ್ಕೊಮ್ಮೆ ಜೆಡ್‌ಕಾಮ್ ತೆಗೆದು ಪೆನ್‌ಡ್ರೈವಿಗೆ ಹಾಕುವಾಗ ಅಕ್ಷರ ಸಂಕೇತ ಯುಟಿಎಫ್-8 ಎಂದೇ ಆರಿಸಿ, ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಗಂಗವ್ವ ಇರಬೇಕಾದ ಕಡೆ ಪ್ರಶ್ನೆ ಚಿಹ್ನೆಗಳ ಸಾಲು ಕಂಡರೆ ಆ ಪ್ರತಿ ಕೆಟ್ಟಿದೆ. ಹಳೆಯದನ್ನು ಅಳಿಸುವ ಮೊದಲು ಇನ್ನೊಮ್ಮೆ ತೆಗೆಯಿರಿ.